ಮೈಕ್ ಆಫ್, ಪುಸ್ತಕ ಬೈಂಡಿಂಗ್‌ನಲ್ಲಿ

ಪ್ರಕಾಶಕರ ನಿಘಂಟಿನಲ್ಲಿ ‘ಪುಸ್ತಕ ರೆಡಿ’ ಎಂಬ ಮಾತಿಗೆ ಹಲವು ಅರ್ಥಗಳಿವೆ. ಪುಸ್ತಕ ಕೈಗೆ ಸಿಗುತ್ತದೆ ಎಂಬ ಅರ್ಥ ಮಾತ್ರ ಇಲ್ಲ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮುಗಿದರೂ ರೆಡಿ. ಮುಖಪುಟದ ಚಿತ್ರ ವಾಟ್ಸಾಪಿಗೆ ಬಂದರೂ ರೆಡಿ. ಪಿಡಿಎಫ್ ಪ್ರೆಸ್ಸಿಗೆ ಹೋಯಿತೆಂದರೆ ‘ಬಂದ ಹಾಗೇ ಲೆಕ್ಕ’. ಅಲ್ಲಿಂದಾಚೆ ಪ್ಲೇಟ್ ಆಗಬೇಕು, ಹದಿನಾರು ಪುಟದ ಫಾರಂಗಳು ಒಂದೊಂದಾಗಿ ಅಚ್ಚಾಗಬೇಕು, ಮಡಿಸಿ, ಕ್ರಮವಾಗಿ ಜೋಡಿಸಿ, ಬೆನ್ನಿಗೆ ಅಂಟು ಬಳಿದು, ಮುಖಪುಟ ಹೊದಿಸಿ, ಮೂರು ಬದಿ ಕತ್ತರಿಸಬೇಕು ಎಂಬುದೆಲ್ಲ ಲೇಖಕರು ತಲೆಕೆಡಿಸಿಕೊಳ್ಳಬಾರದ ತಾಂತ್ರಿಕ ವಿಷಯ. ಅವರು ತಲೆಕೆಡಿಸಿಕೊಳ್ಳಬೇಕಾದದ್ದು ಒಂದೇ: ಭಾನುವಾರ ಸಂಜೆ ಆರಕ್ಕೆ ಆನ್‌ಲೈನಿನಲ್ಲಿ ಪುಸ್ತಕ ಬಿಡುಗಡೆಯ ಲೈವ್.

“ಪುಸ್ತಕ ಕೈಗೆ ಬಂದ ಮೇಲೆ ಮಾಡಬಹುದಲ್ವಾ ಸರ್?”

“ಅಯ್ಯೋ ಮೇಡಂ, ಅಷ್ಟೊತ್ತಿಗೆ ಹೈಪ್ ಇಳಿದುಬಿಡುತ್ತೆ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೇ ಗಾದೆ. ಈಗ ಬರೀ ಕುಲಾವಿಗೇ ಮೂರು ಕಾರ್ಯಕ್ರಮ: ಶೀರ್ಷಿಕೆ ಅನಾವರಣ, ಮುಖಪುಟ ಅನಾವರಣ, ಬೆನ್ನುಡಿ ಅನಾವರಣ. ಮೂರಕ್ಕೂ ಪೋಸ್ಟರ್ ಮಾಡುವವರು ಲೇಖಕರು, ಹಂಚುವವರು ಲೇಖಕರು, ಮೊದಲ ಲೈಕ್ ಒತ್ತುವವರೂ ಲೇಖಕರು. ಒಪ್ಪಂದಪತ್ರದ ಯಾವುದೋ ಮೂಲೆಯಲ್ಲಿ ‘ಪ್ರಚಾರಕಾರ್ಯದಲ್ಲಿ ಲೇಖಕರು ಸಹಕರಿಸತಕ್ಕದ್ದು’ ಎಂದಿರುತ್ತದೆ. ಸಹಕಾರ ಎಂದಮೇಲೆ ಜೊತೆಗೆ ಇನ್ನೊಬ್ಬರೂ ಕೆಲಸ ಮಾಡುತ್ತಿರಬೇಕಲ್ಲ ಎಂದು ಅಮಾಯಕರು ನಂಬುತ್ತಾರೆ.

ಅದೇ ಪತ್ರದಲ್ಲಿ ರಾಯಲ್ಟಿಯ, ಅಂದರೆ ಮಾರಾಟದಲ್ಲಿ ಲೇಖಕರಿಗೆ ಸಿಗುವ ಪಾಲಿನ, ಸಾಲೊಂದಿದೆ. ಲೈವ್‌ಗೆ ಇಸ್ತ್ರಿ ಅಂಗಿ ಹುಡುಕುವ ಮೊದಲು ಅದನ್ನು ಓದಿಕೊಳ್ಳುವುದು ಒಳ್ಳೆಯದು. ಶೇ. 10 ಎಂದಿದ್ದರೆ ಯಾವುದರ ಶೇ. 10? ಮುಖಬೆಲೆಯದ್ದೋ, ‘ನಿವ್ವಳ ಆದಾಯ’ದ್ದೋ? ಮುಖಬೆಲೆ 100 ಎಂದುಕೊಳ್ಳಿ. ಮೊದಲ ಲೆಕ್ಕದಲ್ಲಿ ಪ್ರತಿಯೊಂದಕ್ಕೆ 10 ಸಿಗುತ್ತದೆ. ಎರಡನೆಯದರಲ್ಲಿ, ಅಂಗಡಿಗೆ ಶೇ. 40 ಬಿಟ್ಟುಕೊಟ್ಟರೆ ಉಳಿದ 60ರಲ್ಲಿ 6. ಅದರ ಮೇಲೆ ಸಾಗಣೆ, ‘ಇತರೆ’ ಎಂದು ಕಳೆಯುತ್ತ ಹೋದರೆ ಎಷ್ಟಕ್ಕೆ ನಿಲ್ಲುತ್ತದೆಂದು ಬಲ್ಲವರು ಆ ‘ಇತರೆ’ಯನ್ನು ಬರೆದವರು ಮಾತ್ರ. ಲೇಖಕರು ರಿಯಾಯಿತಿಯಲ್ಲಿ ತಾವೇ ಕೊಂಡ ಪ್ರತಿಗಳಿಗೆ ಸಾಮಾನ್ಯವಾಗಿ ರಾಯಲ್ಟಿ ಇರುವುದಿಲ್ಲ. ಎಷ್ಟೋ ಪುಸ್ತಕಗಳ ಅತಿದೊಡ್ಡ ಗಿರಾಕಿ ಅವರೇ ಆಗಿರುವುದರಿಂದ ಈ ನಿಯಮ ಮಾಡಿದವರ ದೂರದೃಷ್ಟಿಗೆ ಕೈಮುಗಿಯಬೇಕು.

ಇರಲಿ, ಭಾನುವಾರ ಹತ್ತಿರ ಬಂತು.

ಇಲ್ಲದ ಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿಯುವುದು ಹೇಗೆ? ಅದಕ್ಕೊಂದು ಸಿದ್ಧವಿಧಾನವಿದೆ. ಮುಖಪುಟದ ಒಂದು ಡಿಜಿಟಲ್ ಪ್ರಿಂಟ್ ತೆಗೆಸಿ ಯಾವುದಾದರೂ ಹಳೆಯ ಪುಸ್ತಕಕ್ಕೆ ಸುತ್ತಬೇಕು. ಪುಸ್ತಕದ ಆಯ್ಕೆಯಲ್ಲಿ ಮಾತ್ರ ಎಚ್ಚರವಿರಲಿ. 160 ಪುಟವೆಂದರೆ 80 ಹಾಳೆ. ಮಾಮೂಲಿ ಕಾಗದದಲ್ಲಿ ಬೆನ್ನಿನ ದಪ್ಪ ಹೆಚ್ಚುಕಡಿಮೆ 8 ಮಿಲಿಮೀಟರ್. ಕಪಾಟಿನಲ್ಲಿ ಮೊದಲು ಕೈಗೆ ಸಿಕ್ಕಿತೆಂದು ದಪ್ಪ ನಿಘಂಟಿಗೆ ಸುತ್ತಿದರೆ ಮುಂಭಾಗದ ಶೀರ್ಷಿಕೆಯ ಒಂದು ತುದಿ ಬೆನ್ನ ಮೇಲೆ ಹೋಗಿ ಕೂರುತ್ತದೆ, ಅಂಚಿಗೆ ಹಾಳೆಯೇ ಸಾಲುವುದಿಲ್ಲ. ಇನ್ನು ಲೈವ್‌ನ ನಡುವೆ ಅತಿಥಿಗಳು ಉತ್ಸಾಹದಿಂದ “ಎಲ್ಲಿ, ಒಂದು ಪ್ಯಾರಾ ಓದಿ” ಎಂದರೆ ಪುಸ್ತಕ ತೆರೆಯಕೂಡದು. ಒಳಗಿರುವುದು ಬೇರೆಯವರ ಕಾದಂಬರಿ. ಫೋನಿನಲ್ಲಿರುವ ಪಿಡಿಎಫ್ ನೋಡಿ, ಹಾಳೆ ತಿರುವುವಂತೆ ನಟಿಸುತ್ತ ಓದಬೇಕು.

ಈ ಡಮ್ಮಿಯ ಬೆನ್ನಪುಟದಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತುಸಂಖ್ಯೆ) ಬಾರ್‌ಕೋಡ್ ಮಾತ್ರ ಸರಿಯಾಗಿರುತ್ತದೆ. 2007ರಿಂದ ಅದು 13 ಅಂಕೆಯದಾಗಿದೆ, ಸಾಮಾನ್ಯವಾಗಿ 978ರಿಂದ ಶುರು. ಬಾರ್‌ಕೋಡ್ ವ್ಯವಸ್ಥೆಯಲ್ಲಿ ಮೊದಲ ಮೂರಂಕಿ ಮಾಮೂಲಾಗಿ ದೇಶಕ್ಕೆ ಸೇರಿದ್ದು. ಪುಸ್ತಕಗಳಿಗೆ ಅಂಥ ದೇಶವಿಲ್ಲವಾದ್ದರಿಂದ ‘ಬುಕ್‌ಲ್ಯಾಂಡ್’ ಎಂಬ ಕಾಲ್ಪನಿಕ ನಾಡೊಂದನ್ನು ಮಾಡಿ 978 ಕೊಟ್ಟರು. ಇಲ್ಲದ ದೇಶದ ಪೌರತ್ವ ಪಡೆದ, ಇನ್ನೂ ಹುಟ್ಟದ ಪುಸ್ತಕ. ಸಾಹಿತ್ಯ ಕಲ್ಪನೆಯ ಕೂಸು ಎನ್ನುವುದು ಸುಮ್ಮನೆ ಅಲ್ಲ.

ಕ್ಯಾಮೆರಾ ಮುಂದೆ ಹಿಡಿದಾಗ ಶುರುವಾಗುವ ತಮಾಷೆಯೇ ಬೇರೆ. ಝೂಮ್‌ನಂಥ ಕಡೆ ನಮ್ಮ ಚಿತ್ರ ನಮಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ, ಉಳಿದವರಿಗೆ ನೇರವಾಗಿಯೇ ಕಾಣುತ್ತದೆ. ಲೇಖಕರಿಗೆ ಇದು ಗೊತ್ತಿರುವುದಿಲ್ಲ. ತಮ್ಮದೇ ಪುಸ್ತಕದ ಹೆಸರು ಉಲ್ಟಾ ಕಂಡೊಡನೆ ಗಾಬರಿಯಾಗಿ ಪುಸ್ತಕ ತಿರುಗಿಸುತ್ತಾರೆ. ಆಗ ಬೆನ್ನಪುಟ ಬರುತ್ತದೆ. ಮತ್ತೆ ತಿರುಗಿಸುತ್ತಾರೆ. ತಲೆಕೆಳಗು ಮಾಡಿಯೂ ನೋಡುತ್ತಾರೆ. ಹೆಸರು ಸರಿಯಾಗಿಯೇ ಕಾಣುತ್ತಿದ್ದ ವೀಕ್ಷಕರಿಗೆ ಇದೇನು ಆರತಿಯೋ ಎಂಬ ಅನುಮಾನ. ವರ್ಚುವಲ್ ಹಿನ್ನೆಲೆ ಹಾಕಿದ್ದರಂತೂ ಮುಗಿಯಿತು. ಆ ತಂತ್ರಾಂಶಕ್ಕೆ ಗೊತ್ತಿರುವುದು ಮನುಷ್ಯನ ಆಕೃತಿ ಒಂದೇ, ಉಳಿದದ್ದೆಲ್ಲ ಅದಕ್ಕೆ ಗೋಡೆ. ಪುಸ್ತಕದ ಅರ್ಧವನ್ನು ನುಂಗಿ, ಅಲ್ಲಿ ಗ್ರಂಥಾಲಯದ ಫೋಟೋ ತೋರಿಸುತ್ತದೆ. ಹಿನ್ನೆಲೆ ತೆಗೆದರೆ ಇನ್ನೊಂದು ಕಾಟ: ಕ್ಯಾಮೆರಾ ಮುಖದ ಮೇಲೆ ಫೋಕಸ್ ಹಿಡಿದು ಕೂತಿರುತ್ತದೆ, ಮುಂದೆ ಚಾಚಿದ ಪುಸ್ತಕ ಮಸುಕು. ಪುಸ್ತಕವನ್ನು ಮುಖಕ್ಕೇ ಅಡ್ಡ ಹಿಡಿದು ಎರಡು ಸೆಕೆಂಡ್ ಸುಮ್ಮನಿದ್ದರೆ ಫೋಕಸ್ ಸಿಗುತ್ತದೆ, ಸಿಕ್ಕೊಡನೆ ರಿಂಗ್‌ಲೈಟ್ ಬಿದ್ದು ಹೊಳಪಿನ (ಗ್ಲಾಸಿ) ಲ್ಯಾಮಿನೇಷನ್ನಿನ ಮೇಲೆ ಶೀರ್ಷಿಕೆ ಇದ್ದ ಜಾಗದಲ್ಲಿ ಬೆಳ್ಳನೆಯ ಬಳೆ ಹೊಳೆಯುತ್ತದೆ. ಪುಸ್ತಕದ ಮೇಲ್ತುದಿಯನ್ನು ಒಂಚೂರು ಮುಂದಕ್ಕೆ ಬಾಗಿಸಿದರೆ ಬಳೆ ಮೇಲಕ್ಕೆ ಸರಿದುಹೋಗುತ್ತದೆ. ಇಷ್ಟು ವಿದ್ಯೆ ಕೈವಶವಾಗುವ ಹೊತ್ತಿಗೆ ಲೈವ್ ಮುಗಿದಿರುತ್ತದೆ.

ಅಥವಾ ಶುರುವೇ ಆಗಿರುವುದಿಲ್ಲ. ಯೂಟ್ಯೂಬಿನಲ್ಲಿ ಮೊದಲ ಸಲ ಲೈವ್ ಸೌಲಭ್ಯ ಕೇಳಿಕೊಂಡರೆ ಅನುಮತಿಗೆ 24 ಗಂಟೆವರೆಗೆ ಕಾಯಬೇಕು. ಲೇಖಕರು ಕೇಳಿಕೊಳ್ಳುವುದು ಭಾನುವಾರ ಐದೂಮುಕ್ಕಾಲಕ್ಕೆ. ಇನ್‌ಸ್ಟಾಗ್ರಾಂಗೆ ಓಡಿದರೆ ಅಲ್ಲಿ 2025ರಿಂದ ಲೈವ್ ಹೋಗಲು 1000 ಫಾಲೋವರ್‌ಗಳಿರಬೇಕು. ಅಷ್ಟು ಜನ ಇದ್ದಿದ್ದರೆ ಲೈವ್ ಯಾಕೆ ಬೇಕಿತ್ತು! ಕಡೆಗೆ ಎಲ್ಲರೂ ಬಂದು ಸೇರುವುದು ಝೂಮ್‌ನ ಪುಕ್ಕಟೆ ಖಾತೆಗೆ, ಅದರ ಆಯುಷ್ಯ 40 ನಿಮಿಷ.

ಆ ನಲವತ್ತು ಹೀಗೆ ಹಂಚಿಕೆಯಾಗುತ್ತದೆ. ‘ಇನ್ನೂ ಸ್ವಲ್ಪ ಜನ ಸೇರಲಿ’ ಎಂದು ಕಾಯುವುದಕ್ಕೆ 7. ‘ನನ್ನ ಧ್ವನಿ ಕೇಳಿಸ್ತಿದೆಯಾ’, ‘ಸರ್, ಮ್ಯೂಟ್‌ನಲ್ಲಿದ್ದೀರಿ’, ‘ಸರ್, ಈಗಲೂ ಮ್ಯೂಟ್’ ಇದಕ್ಕೆ 3. ಸ್ವಾಗತ, ಪರಿಚಯ 5. ಮುಖ್ಯ ಅತಿಥಿಗಳು 19. ಪ್ರಕಾಶಕರ ಸಂಸ್ಥೆ ನಡೆದುಬಂದ ಹಾದಿ 4. ಅಲ್ಲಿಗೆ 38 ಆಯಿತು. ಲೇಖಕರು “ಎಲ್ಲರಿಗೂ ನಮಸ್ಕಾರ, ಈ ಪುಸ್ತಕ ಬರೆಯುವುದಕ್ಕೆ ನನಗೆ ಮುಖ್ಯವಾಗಿ...” ಎನ್ನುವಾಗ ಪರದೆ ಖಾಲಿ. ಅತಿಥಿಗಳ 19 ನಿಮಿಷದಲ್ಲಿ ಪುಸ್ತಕದ ಮಾತು ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಅಚ್ಚೇ ಆಗದ್ದನ್ನು ಅವರು ಓದಿರಬೇಕೆಂದರೆ ಹೇಗೆ? ಮುನ್ನುಡಿಯ ಮೊದಲ ಪುಟದ ಫೋಟೋ ಕಳಿಸಿದ್ದರು, ಅದನ್ನೇ ಅವರು ವಿಸ್ತರಿಸಿದ್ದಾರೆ.

ಅತಿಥಿಗಳದ್ದೇ ಇನ್ನೊಂದು ಕೊಡುಗೆ ಪ್ರತಿಧ್ವನಿ. ಕಮೆಂಟ್ ನೋಡಲೆಂದು ಪಕ್ಕದ ಫೋನಿನಲ್ಲಿ ಅದೇ ಕಾರ್ಯಕ್ರಮವನ್ನು ಯಾರೋ ಬೇರೊಂದು ತಂತ್ರಾಂಶದ ಮೂಲಕ ಫೇಸ್‌ಬುಕ್ಕಿಗೂ ಹರಿಸಿದ ಪ್ರಸಾರ ತೆರೆದಿಟ್ಟಿರುತ್ತಾರೆ. ಪ್ರಸಾರ ಹತ್ತಾರು ಸೆಕೆಂಡ್ ಹಿಂದೆ ಇರುವುದರಿಂದ ಅವರ ಮಾತು ಅವರಿಗೇ ವಾಪಸು ಬಂದು, ‘ಯಾರೋ ನಡುವೆ ಮಾತಾಡ್ತಿದ್ದಾರೆ, ದಯವಿಟ್ಟು ಸುಮ್ಮನಿರಿ’ ಎಂದು ತಮ್ಮನ್ನೇ ಗದರಿಕೊಳ್ಳುತ್ತಾರೆ. ‘ನೆಟ್ ಚೆನ್ನಾಗಿದೆ, ಸಿನಿಮಾ ನಿಲ್ಲದೆ ಓಡುತ್ತೆ’ ಎನ್ನುವವರದ್ದೂ ಇದೇ ಜಾತಿ. ಸಿನಿಮಾ ಇಳಿಯುವ ದಾರಿ, ಲೈವ್ ಏರುವ ದಾರಿ. ಜಾಹೀರಾತಿನಲ್ಲಿ ಹೊಗಳುವ ವೇಗ ಬಹುಪಾಲು ಇಳಿಯುವುದರದ್ದು. ಅಪ್‌ಲೋಡ್ ಪ್ರತ್ಯೇಕ ಅಳೆದು ನೋಡದಿದ್ದರೆ ಕವಿಗಳು ಬಾಯಿ ಅರ್ಧ ತೆರೆದ ಸ್ಥಿತಿಯಲ್ಲಿ ಶಿಲೆಯಾಗುತ್ತಾರೆ, ಆ ಸ್ಕ್ರೀನ್‌ಶಾಟೇ ಮಾರನೆಯ ದಿನ ಪತ್ರಿಕೆಗೆ ಹೋಗುತ್ತದೆ.

ಮಧ್ಯೆ ಒಬ್ಬ ಓದುಗ, ನಿಜವಾದ ಓದುಗ, ಕೊಳ್ಳಬೇಕೆಂದು ಹೊರಟ ಎಂದುಕೊಳ್ಳಿ. ಅವನನ್ನು ತಡೆಯಲು ಬೇಕಾದ ಏರ್ಪಾಡೆಲ್ಲ ಇದೆ. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್. ಅವನು ನೋಡುತ್ತಿರುವುದು ಫೋನಿನಲ್ಲಿ, ಸ್ಕ್ಯಾನ್ ಮಾಡಬೇಕಾದದ್ದೂ ಅದೇ ಫೋನಿನಿಂದ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಕಮೆಂಟಿನಲ್ಲಿ ಹಾಕಿದ ಲಿಂಕು ‘ಶುಭವಾಗಲಿ’ಗಳ ಕೆಳಗೆ ಹೂತುಹೋಗಿದೆ, ಪಿನ್ ಮಾಡಬಹುದೆಂದು ಯಾರಿಗೂ ಹೊಳೆದಿಲ್ಲ. ಹುಡುಕಿ ತೆಗೆದರೆ ಗೂಗಲ್ ಫಾರಂ. ಫಾರಂ ತುಂಬಿ, ಹಣ ಕಳಿಸಿ, ಅದರ ಸ್ಕ್ರೀನ್‌ಶಾಟ್ ಒಂದು ನಂಬರಿಗೆ ವಾಟ್ಸಾಪ್ ಮಾಡಿ, ವಿಳಾಸವನ್ನು ಇನ್ನೊಮ್ಮೆ ಟೈಪಿಸಿ ಕೇಳಿದರೆ ಬರುವ ಉತ್ತರ: ‘ಬೈಂಡಿಂಗ್‌ನಲ್ಲಿದೆ ಸರ್’. ಇವನ ಪಕ್ಕದಲ್ಲೇ ‘ಪಿಡಿಎಫ್ ಸಿಗುತ್ತಾ?’ ಎಂದು ಕೇಳಿದವನಿಗೆ ಮಾತ್ರ ಹತ್ತು ನಿಮಿಷದಲ್ಲಿ ಯಾರೋ ಪುಣ್ಯಾತ್ಮರು ಕಳಿಸಿಬಿಟ್ಟಿರುತ್ತಾರೆ.

ಆದರೂ ಮಾರನೆಯ ದಿನ ಪ್ರಕಾಶಕರಿಗೆ ಖುಷಿಯೋ ಖುಷಿ. “ಸಾವಿರದ ಇನ್ನೂರು ವ್ಯೂಸ್ ಮೇಡಂ!” ಫೇಸ್‌ಬುಕ್ಕಿನಲ್ಲಿ ಕ್ಷಣಮಾತ್ರ ನೋಡಿದರೂ ಅದು ವ್ಯೂ. ಹೆಬ್ಬೆರಳು ಮೇಲೆ ಸರಿಯುವಾಗ ಒಂದು ಆಕಳಿಕೆ ಬಂದರೆ ಸಾಕು, ಕೃತಿಗೊಬ್ಬ ಪ್ರೇಕ್ಷಕ. ಏಕಕಾಲಕ್ಕೆ ಕೂತು ನೋಡಿದವರ ಸಂಖ್ಯೆ ಬೇರೆಯೇ ಇರುತ್ತದೆ, ಅದನ್ನು ಪೋಸ್ಟರಿನಲ್ಲಿ ಹಾಕುವುದಿಲ್ಲ. ಅದು 9. ಒಬ್ಬರು ಲೇಖಕರ ಯಜಮಾನರು, ಇಬ್ಬರು ಅದೇ ಅತಿಥಿಗಳು ತಮ್ಮ ಎರಡು ಫೋನುಗಳಲ್ಲಿ.

ಮುಂದಿನ ವಾರ ‘ಅಭೂತಪೂರ್ವ ಪ್ರತಿಕ್ರಿಯೆ, ಎರಡನೇ ಮುದ್ರಣ’ ಎಂಬ ಪೋಸ್ಟರ್ ಬಂದರೆ ಹೌಹಾರಬೇಡಿ. ಆಫ್‌ಸೆಟ್‌ನಲ್ಲಿ ಪ್ಲೇಟ್ ಖರ್ಚು ಗಿಟ್ಟಬೇಕಾದರೆ ಕೆಲವು ನೂರಾದರೂ ತೆಗೆಯಬೇಕು, ಡಿಜಿಟಲ್‌ನಲ್ಲಿ 50 ತೆಗೆದರೂ ಮುದ್ರಣವೇ. ಆದ್ದರಿಂದ ಎಷ್ಟನೇ ಮುದ್ರಣ ಎಂದು ಕೇಳಬಾರದು, ಎಷ್ಟು ಪ್ರತಿ ಎಂದು ಕೇಳಬೇಕು. ಕೇಳಿದವರಿಗೆ ಇದುವರೆಗೆ ಸಿಕ್ಕಿರುವುದು ನಗು ಮಾತ್ರ. ಮಾರಿಹೋದದ್ದೂ ಮಾರಿದ್ದಲ್ಲ: ಅಂಗಡಿಯವರು ಉಳಿದದ್ದನ್ನು ವಾಪಸು ಕಳಿಸಬಹುದೆಂಬ ಪದ್ಧತಿಗೆ ಅಮೆರಿಕದ ಪ್ರಕಾಶಕರು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಇಂಬು ಕೊಟ್ಟರು. ಮುಗ್ಗಟ್ಟು ಹೋಯಿತು, ವಾಪಸಾತಿ ಉಳಿಯಿತು. ವರ್ಷಾಂತ್ಯದ ಲೆಕ್ಕಪತ್ರದಲ್ಲಿ ರಾಯಲ್ಟಿಗೆ ಅಡ್ಡಬರುವ ಸಾಲು ಅದೇ.

ಲೈವ್ ಬಗ್ಗೆ ಪ್ರಕಾಶಕರು ಕೊಡುವ ಕೊನೆಯ ಸಮಾಧಾನ, “ಪುಸ್ತಕ ಯಾವಾಗ ಬಂದರೇನು ಮೇಡಂ, ವಿಡಿಯೊ ಶಾಶ್ವತವಾಗಿ ಇರುತ್ತಲ್ಲ.” 2025ರ ಫೆಬ್ರವರಿಯಿಂದ ಫೇಸ್‌ಬುಕ್ ಹೊಸ ಲೈವ್ ವಿಡಿಯೊಗಳನ್ನು 30 ದಿನವಷ್ಟೇ ಇಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಇಳಿಸಿಕೊಳ್ಳದಿದ್ದರೆ ಅಳಿಸಿಹಾಕುತ್ತದೆ.

ಪುಸ್ತಕದ ಬಂಡಲು ಬೈಂಡರ್ ಕಡೆಯಿಂದ ಬರುವುದು ಮೂವತ್ತೊಂದನೇ ದಿನ. ಲೇಖಕರು ಹುರಿ ಕತ್ತರಿಸಿ ಮೊದಲ ಪ್ರತಿ ಕೈಗೆತ್ತಿಕೊಂಡು ಇನ್ನೂ ಅಂಟಿನ ವಾಸನೆ ನೋಡುತ್ತಿರುವಾಗಲೇ ಫೋನು ಬಡಿದುಕೊಳ್ಳುತ್ತದೆ.

“ಮೇಡಂ, ಭಾನುವಾರ ಫ್ರೀ ಇದೀರಾ? ವಿಡಿಯೊ ಹೋಗಿಬಿಟ್ಟಿದೆ, ಇನ್ನೊಂದು ಲೈವ್ ಮಾಡಿಬಿಡೋಣ. ಹಾಂ, ಆ ಹಳೇ ಡಮ್ಮಿನೇ ಹಿಡ್ಕೊಳ್ಳಿ, ಇದರಲ್ಲಿ ಮುಖಪುಟದ ಕಲರ್ ಸ್ವಲ್ಪ ಕೆಟ್ಟಿದೆಯಂತೆ.”