ಕಳುಹಿಸಿದವರು ಯಾರು ಎಂಬುದು ಒಂದು ಅಂಕದ ಪ್ರಶ್ನೆಯೂ ಅಲ್ಲವೇ?

ಕೊಪ್ಪಳದ ಒಂದು ತರಬೇತಿ ಕೇಂದ್ರದವರು, ನಾನು ವಾಯುಪಡೆಯಿಂದ ನಿವೃತ್ತನಾಗಿ ಬಂದವನು ಎಂಬ ಒಂದೇ ಅರ್ಹತೆಯ ಮೇಲೆ, ಅಗ್ನಿವೀರ ನೇಮಕಾತಿಗೆ ಸಿದ್ಧರಾಗುತ್ತಿರುವ ಹುಡುಗರಿಗೆ ನಾಲ್ಕು ಮಾತು ಹೇಳಲು ಕರೆದಿದ್ದರು. ನನ್ನ ಸರದಿಗೆ ಮುನ್ನ ಸಾಮಾನ್ಯ ಜ್ಞಾನದ ತರಗತಿ ನಡೆಯುತ್ತಿತ್ತು. ಬೋಧಕರು ಗಟ್ಟಿಯಾಗಿ ಹೇಳಿ ಬರೆಸುತ್ತಿದ್ದರು: 2014ರ ಜೂನ್ 14, ಉಕ್ರೇನಿನ ಲುಹಾನ್ಸ್ಕ್, ಇಲ್ಯೂಷಿನ್-76 ಸಾಗಣೆ ವಿಮಾನ, ಉರುಳಿಸಿದ ಕ್ಷಿಪಣಿ ಇಗ್ಲಾ, ಸತ್ತವರು 49. ಕ್ಷಿಪಣಿಯ ಹೆಸರನ್ನು ಮರೆಯಬಾರದು, ಒಂದು ಅಂಕ ಖಚಿತ ಎಂದು ಎರಡು ಸಲ ಎಚ್ಚರಿಸಿದರು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಯಾವುದೋ ವಿಮಾನ ಹೊತ್ತಿ ಉರಿಯುತ್ತಾ ಬೀಳುವ ವಿಡಿಯೊವನ್ನು ಮೊಬೈಲಿನಲ್ಲಿ ಹುಡುಕಿ ತೆಗೆದು, ಅದಕ್ಕೆ ಯಾರೋ ಪುಣ್ಯಾತ್ಮರು ಅಂಟಿಸಿದ್ದ ಸಿನಿಮಾ ಸಂಗೀತದ ಸಮೇತ ಪಕ್ಕದವರಿಗೆ ತೋರಿಸಿದ. ಒಂದು ಸಣ್ಣ ಸೀಟಿಯೂ ಕೇಳಿಸಿತು.

ನನ್ನ ಸರದಿ ಬಂದಾಗ ಓಟ, ದಾಖಲೆಪತ್ರ, ವೈದ್ಯಕೀಯ ತಪಾಸಣೆ ಎಂದು ಸಭ್ಯವಾಗಿ ಮಾತಾಡಿ ಮನೆಗೆ ಬಂದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಆ ಹುಡುಗರ ಮೇಲಲ್ಲ. ನಸುಕಿನಲ್ಲಿ ಎದ್ದು ಜಿಲ್ಲಾ ಕ್ರೀಡಾಂಗಣದಲ್ಲಿ ಬೆವರು ಸುರಿಸಿ, ಮನೆಯವರ ಸಾಲದ ದುಡ್ಡಿನಲ್ಲಿ ಶುಲ್ಕ ಕಟ್ಟಿ ಕುಳಿತಿರುವ ಮಕ್ಕಳು ಅವರು. ನಾಳೆ ಇಂಥದೇ ವಿಮಾನದ ಹೊಟ್ಟೆಯಲ್ಲಿ ಕುಳಿತು ಹೋಗಬೇಕಾದವರಿಗೆ ಅದನ್ನು ಹೊಡೆದ ಕ್ಷಿಪಣಿಯ ಹೆಸರನ್ನಷ್ಟೇ ಬಾಯಿಪಾಠ ಮಾಡಿಸಿ, ಆ ರಾತ್ರಿ ಆ ವಿಮಾನವನ್ನು ಅಲ್ಲಿಗೆ ಕಳುಹಿಸಿದವರು ಯಾರು, ಏನನ್ನು ತಿಳಿದೂ ಕಳುಹಿಸಿದರು ಎಂಬುದನ್ನು ಪ್ರಶ್ನೆಯಾಗಿಯೂ ಎತ್ತದಿರುವುದು ನನ್ನ ಸಿಟ್ಟಿಗೆ ಕಾರಣ.

ಸಾಗಣೆ ವಿಮಾನವೆಂದರೆ ಏನೆಂದು ಸ್ವಲ್ಪ ಹೇಳಬೇಕು, ಏಕೆಂದರೆ ಯುದ್ಧವಿಮಾನದಂತೆ ಅದೂ ಹೋರಾಡುತ್ತಾ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಯೂಷಿನ್-76 ನಮ್ಮ ವಾಯುಪಡೆಯಲ್ಲೂ 1985ರಿಂದ ಇದೆ. ನಾವು ಅದನ್ನು ಗಜರಾಜ ಎನ್ನುತ್ತೇವೆ. ಒಳಗೆ ಕುಳಿತವನಿಗೆ ಆಕಾಶವೂ ಸರಿಯಾಗಿ ಕಾಣುವುದಿಲ್ಲ, ನೆಲವೂ ಕಾಣುವುದಿಲ್ಲ; ಎಂಜಿನ್ನಿನ ಸದ್ದು ಬದಲಾದಾಗ ಇಳಿಯುತ್ತಿದ್ದೇವೆ ಎಂದು ಊಹಿಸಿಕೊಳ್ಳಬೇಕು. ಆ ಇಳಿಯುವ ಕೆಲವು ನಿಮಿಷಗಳೇ ಅತ್ಯಂತ ಅಪಾಯದ ಹೊತ್ತು. ವೇಗ ತಗ್ಗಿರುತ್ತದೆ, ಚಕ್ರಗಳು ಹೊರಬಂದಿರುತ್ತವೆ, ಅಷ್ಟು ದೊಡ್ಡ ದೇಹ ಥಟ್ಟನೆ ಹೊರಳಲಾರದು, ನಾಲ್ಕು ಎಂಜಿನ್ನುಗಳು ಶಾಖ ಉಗುಳುತ್ತಿರುತ್ತವೆ. ಇಗ್ಲಾ ಹುಡುಕುವುದು ಆ ಶಾಖವನ್ನೇ. ಕೊಳವೆಯ ಸಮೇತ ಅದರ ತೂಕ ಸುಮಾರು 18 ಕಿಲೊ. ಒಬ್ಬನೇ ಮನುಷ್ಯ ಹೆಗಲ ಮೇಲಿಟ್ಟು ಹಾರಿಸಬಹುದು, ಸುಮಾರು ಮೂರೂವರೆ ಕಿಲೊಮೀಟರ್ ಎತ್ತರದವರೆಗೂ ಅದು ಮುಟ್ಟಬಲ್ಲದು. ವಿಮಾನ ನಿಲ್ದಾಣದ ಸುತ್ತಲಿನ ಹೊಲಗಳು ಎದುರಾಳಿಯ ಕೈಯಲ್ಲಿದ್ದರೆ, ಅಲ್ಲಿಗೆ ಇಳಿಯಲು ಬರುವ ವಿಮಾನ ತಾನಾಗಿಯೇ ಗುರಿಯೊಳಕ್ಕೆ ಬಂದಂತೆ. ಇದನ್ನು ತಿಳಿಯಲು ಜನರಲ್ ಆಗಬೇಕಿಲ್ಲ, ನನ್ನಂಥ ಕೆಳಗಿನ ದರ್ಜೆಯವನಿಗೂ ತಿಳಿಯುತ್ತದೆ.

ಲುಹಾನ್ಸ್ಕ್‌ನಲ್ಲಿ ಇದು ಯಾರಿಗೂ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಅದೇ ವರ್ಷದ ಮೇ 29ರಂದು ಸ್ಲೋವಿಯಾನ್ಸ್ಕ್ ಬಳಿ ಉಕ್ರೇನಿನ ಹೆಲಿಕಾಪ್ಟರ್ ಒಂದನ್ನು ಉರುಳಿಸಲಾಗಿತ್ತು, ಅದರಲ್ಲಿ ಒಬ್ಬ ಜನರಲ್ ಕೂಡ ಸತ್ತಿದ್ದರು. ಜೂನ್ 6ರಂದು ಅದೇ ಪ್ರದೇಶದಲ್ಲಿ ಆಂಟೊನೊವ್-30 ವಿಮಾನ ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಗೇ ಬಲಿಯಾಗಿತ್ತು. ಲುಹಾನ್ಸ್ಕ್ ವಿಮಾನ ನಿಲ್ದಾಣವನ್ನು ರಷ್ಯಾ ಬೆಂಬಲಿತ ಪ್ರತ್ಯೇಕತಾವಾದಿಗಳು ಸುತ್ತುವರಿದಿದ್ದರು. ಇಷ್ಟೆಲ್ಲ ಆದ ಮೇಲೂ ಆ ರಾತ್ರಿ ಒಂದರ ಹಿಂದೆ ಒಂದರಂತೆ ಮೂರು ಇಲ್ಯೂಷಿನ್‌ಗಳನ್ನು ಅಲ್ಲಿಗೆ ಹಾರಿಸಲಾಯಿತು. ಮೊದಲನೆಯದು ಸುರಕ್ಷಿತವಾಗಿ ಇಳಿಯಿತು. ಎರಡನೆಯದು ಇಳಿಯಲು ಬರುತ್ತಿದ್ದಾಗ ಕ್ಷಿಪಣಿಗೂ ಭಾರಿ ಮೆಷಿನ್‌ಗನ್ನಿನ ಗುಂಡುಗಳಿಗೂ ಸಿಕ್ಕಿ, 40 ಪ್ಯಾರಾ ಸೈನಿಕರು ಮತ್ತು 9 ಮಂದಿ ಸಿಬ್ಬಂದಿಯೊಂದಿಗೆ ನೆಲಕ್ಕಪ್ಪಳಿಸಿತು, ಒಬ್ಬರೂ ಉಳಿಯಲಿಲ್ಲ. ಮೂರನೆಯದು ಹಿಂದಿರುಗಿತು. ಮೊದಲ ವಿಮಾನದ ಸದ್ದು ಸುತ್ತಲಿನ ಹೊಲಗಳಲ್ಲಿ ಕಾಯುತ್ತಿದ್ದವರನ್ನು ಎಬ್ಬಿಸುವುದಿಲ್ಲವೆಂದು ಯೋಜನೆ ಹಾಕಿದವರು ಭಾವಿಸಿದ್ದರೋ ಏನೋ, ಶಿವನೇ ಬಲ್ಲ.

ನಮ್ಮ ಭಾಗದವರಿಗೆ ಇಂಥ ಪ್ರಶ್ನೆ ಕೇಳಲು ಬರುವುದಿಲ್ಲವೆಂದು ನಾನು ಒಪ್ಪುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಗಂಗಾವತಿಯಿಂದ ಸಿಂಧನೂರಿನವರೆಗೆ ಒಬ್ಬ ರೈತನೂ ನೀರಿನ ರಭಸ ಎಷ್ಟಿತ್ತು ಎಂದು ಕೇಳುತ್ತಾ ಕೂರಲಿಲ್ಲ. ಆ ಸರಪಳಿಯನ್ನು ನೋಡಿಕೊಳ್ಳಬೇಕಾದವರು ಯಾರು ಎಂದೇ ಎಲ್ಲರೂ ಕೇಳಿದರು. ಗೇಟಿನ ವಿಷಯದಲ್ಲಿ ಇಷ್ಟು ನೇರವಾಗಿ ಯೋಚಿಸುವ ನಾವು, 49 ಜನರಿದ್ದ ವಿಮಾನದ ವಿಷಯ ಬಂದಾಗ ಮಾತ್ರ ನೀರಿನ ರಭಸದ ಲೆಕ್ಕಕ್ಕೆ ಕೂರುತ್ತೇವೆ.

ಉಕ್ರೇನಿನವರು ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೂ ಕೊಂಡೊಯ್ದರು. ಪೂರ್ವ ಉಕ್ರೇನಿನ ಆ ಇಡೀ ಸೇನಾ ಕಾರ್ಯಾಚರಣೆಯ ಚೀಫ್ ಆಫ್ ಸ್ಟಾಫ್, ಅಂದರೆ ಯೋಜನೆ ನೋಡಿಕೊಳ್ಳುವ ಪ್ರಧಾನ ಕಚೇರಿಯ ಮುಖ್ಯಸ್ಥರಾಗಿದ್ದ ಜನರಲ್ ವಿಕ್ಟರ್ ನಜಾರೋವ್ ಅವರಿಗೆ, ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ ಆರೋಪದ ಮೇಲೆ, 2017ರಲ್ಲಿ ಏಳು ವರ್ಷಗಳ ಸೆರೆವಾಸ ವಿಧಿಸಲಾಯಿತು. ಯುದ್ಧ ನಡೆಯುತ್ತಿರುವಾಗಲೇ ಜನರಲ್ಲೊಬ್ಬನನ್ನು ಸತ್ತ ಸೈನಿಕರ ಮನೆಯವರ ಎದುರು ಕಟಕಟೆಯಲ್ಲಿ ನಿಲ್ಲಿಸುವುದು ಸಣ್ಣ ಮಾತಲ್ಲ. ಆದರೆ 2021ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರನ್ನು ದೋಷಮುಕ್ತಗೊಳಿಸಿತು.

ಇಲ್ಲಿ ನನ್ನ ವಿರುದ್ಧದ ವಾದವೊಂದಿದೆ, ಅದು ಹುರುಳಿಲ್ಲದ್ದೇನೂ ಅಲ್ಲ. ಯುದ್ಧದಲ್ಲಿ ಅಪಾಯವಿಲ್ಲದ ಆದೇಶವೇ ಇರುವುದಿಲ್ಲ. ಸುತ್ತುವರಿದ ನಿಲ್ದಾಣದೊಳಗಿದ್ದ ತಮ್ಮವರಿಗೆ ನೆರವು ಕಳುಹಿಸದಿದ್ದರೆ ಅದೂ ಅಪರಾಧವೇ ಆಗುತ್ತಿತ್ತು. ಪ್ರತಿ ಸೋಲಿಗೂ ಸೆರೆಮನೆ ತೋರಿಸಿದರೆ ಮುಂದೆ ಯಾವ ಅಧಿಕಾರಿಯೂ ಆದೇಶಕ್ಕೆ ಸಹಿ ಹಾಕಲಾರ. ಸಾಗಣೆ ವಿಮಾನವೂ ಯುದ್ಧದ ನಿಯಮದ ಪ್ರಕಾರ ನ್ಯಾಯವಾದ ಗುರಿಯೇ ಎಂಬ ಮಾತನ್ನೂ ಇದಕ್ಕೆ ಸೇರಿಸುತ್ತಾರೆ, ಅದನ್ನೂ ಒಪ್ಪುತ್ತೇನೆ. ಆದರೆ ಈ ವಾದಗಳನ್ನು ಹೂಡುವವರು ಸಾಮಾನ್ಯವಾಗಿ ವಿಮಾನ ಹತ್ತುವವರಲ್ಲ. ಅಪಾಯ ಇದ್ದೇ ಇರುತ್ತದೆ ಎನ್ನುವುದು ಬೇರೆ; ಒಂದು ವಾರದ ಹಿಂದಷ್ಟೇ ಕಣ್ಣೆದುರು ನಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡೆವೋ ಇಲ್ಲವೋ ಎಂಬುದಕ್ಕೆ ಉತ್ತರ ಕೊಡುವುದು ಬೇರೆ. ನಾನು ಸೆರೆಮನೆ ಕೇಳುತ್ತಿಲ್ಲ, ಉತ್ತರ ಕೇಳುತ್ತಿದ್ದೇನೆ.

ಉತ್ತರ ಕಂಡುಕೊಂಡು ತಿದ್ದಿಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಕಾರ್ಗಿಲ್ ಯುದ್ಧದಲ್ಲಿ 1999ರ ಮೇ 28ರಂದು ತೋಲೋಲಿಂಗ್ ಬಳಿ ನಮ್ಮ ಎಂಐ-17 ಹೆಲಿಕಾಪ್ಟರ್ ಒಂದು ಹೆಗಲ ಮೇಲಿನ ಕ್ಷಿಪಣಿಗೆ ಸಿಕ್ಕಿ ನಾಲ್ವರು ಪ್ರಾಣ ಕಳೆದುಕೊಂಡರು. ಶಾಖ ಹುಡುಕುವ ಕ್ಷಿಪಣಿಯ ದಾರಿ ತಪ್ಪಿಸುವ ಜ್ವಾಲೆಗಳ ವ್ಯವಸ್ಥೆ ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ. ಅದಾದ ಮೇಲೆ ಎಂಐ-17ಗಳನ್ನು ದಾಳಿಯ ಕೆಲಸದಿಂದ ಹಿಂದೆಗೆದು, ವಿಮಾನಗಳು ಕ್ಷಿಪಣಿಗೆ ನಿಲುಕದ ಎತ್ತರದಿಂದ ದಾಳಿ ಮಾಡುವಂತೆ ತಂತ್ರವನ್ನೇ ಬದಲಿಸಲಾಯಿತು. ಇನ್ನೊಂದು ಉದಾಹರಣೆಯನ್ನು ನೆನೆದರೆ ಮಾತ್ರ ಈಗಲೂ ಗಂಟಲು ಕಟ್ಟುತ್ತದೆ. 2019ರ ಫೆಬ್ರವರಿ 27ರಂದು ಬುದ್ಗಾಮ್‌ನಲ್ಲಿ ಬಿದ್ದ ಎಂಐ-17ರಲ್ಲಿದ್ದ ಆರು ಮಂದಿ ವಾಯುಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕರೂ ಸತ್ತರು. ಅದನ್ನು ಹೊಡೆದದ್ದು ನಮ್ಮದೇ ಕ್ಷಿಪಣಿ ಎಂದು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರಿನಲ್ಲಿ. ಒಪ್ಪಿಕೊಂಡರಲ್ಲ, ಅದು ದೊಡ್ಡದು. ಆದರೆ ಆ ಏಳೆಂಟು ತಿಂಗಳು ನಮ್ಮ ಟಿವಿ ವೀರರು ಉಳಿದೆಲ್ಲ ಕ್ಷಿಪಣಿಗಳ ಗುಣಗಾನ ಮಾಡುವುದರಲ್ಲಿ ಮುಳುಗಿದ್ದರು.

ಪ್ರಶ್ನೆ ಕೇಳದಿದ್ದರೆ ಸಾವು ಸೈನಿಕರಲ್ಲಿಗೇ ನಿಲ್ಲುತ್ತದೆ ಎಂದುಕೊಳ್ಳುವವರು ಅದೇ ಉಕ್ರೇನಿನ ಮುಂದಿನ ತಿಂಗಳನ್ನು ನೋಡಬೇಕು. ಜುಲೈ 14ರಂದು ಇನ್ನೊಂದು ಸೇನಾ ಸಾಗಣೆ ವಿಮಾನವನ್ನು, ಆಂಟೊನೊವ್-26 ಅನ್ನು, ಹೆಗಲ ಕ್ಷಿಪಣಿಗೆ ನಿಲುಕದ ಎತ್ತರದಲ್ಲೇ ಉರುಳಿಸಲಾಯಿತು. ಆಗ 32,000 ಅಡಿಯ ಕೆಳಗಿನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿದರು, ಮೇಲಿನದನ್ನು ತೆರೆದೇ ಇಟ್ಟರು. ಮೂರು ದಿನಗಳ ನಂತರ 33,000 ಅಡಿಯಲ್ಲಿ ಹಾರುತ್ತಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್-17 ವಿಮಾನ ಬುಕ್ ಕ್ಷಿಪಣಿಗೆ ಸಿಕ್ಕಿ 298 ಮಂದಿ ಸತ್ತರು. ಕ್ಷಿಪಣಿ ಹಾರಿಸಿದವರ ಪಾಪ ಅವರದೇ, ಅದರಲ್ಲಿ ಸಂಶಯವಿಲ್ಲ. ಆದರೂ ಇಡೀ ಆಕಾಶಮಾರ್ಗವನ್ನು ಮುಚ್ಚಲು ಉಕ್ರೇನಿಗೆ ಸಾಕಷ್ಟು ಕಾರಣಗಳಿದ್ದವು ಎಂದು ನೆದರ್‌ಲೆಂಡ್ಸಿನ ಸುರಕ್ಷತಾ ಮಂಡಳಿ 2015ರಲ್ಲಿ ಸ್ಪಷ್ಟವಾಗಿ ಬರೆಯಿತು.

ಇಷ್ಟೊಂದು ಕುದಿಯಲು ಇನ್ನೊಂದು ಕಾರಣವೂ ಇದೆ, ಮುಚ್ಚಿಡುವುದೇಕೆ. ನನ್ನ ಅಣ್ಣನ ಮಗನೂ ಈ ಸಲ ಅರ್ಜಿ ಹಾಕಿದ್ದಾನೆ. ಹೋಗಬೇಡ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆ ಸಮವಸ್ತ್ರ ನನಗೆ ಅನ್ನ ಕೊಟ್ಟಿದೆ. ಸೇನೆಯ ಮನೋಬಲ ಕುಗ್ಗಿಸುತ್ತಿದ್ದೀರಿ ಎಂದು ಈ ಬರಹದ ಕೆಳಗೆ ಬರೆಯಲು ಕೆಲವರ ಬೆರಳು ಈಗಾಗಲೇ ತುರಿಸುತ್ತಿರಬಹುದು. ದಯವಿಟ್ಟು ನನಗೆ ದೇಶಭಕ್ತಿಯ ಪಾಠ ಬೇಡ. ಜಗಳವಾಡಲೇಬೇಕು ಎನ್ನುವವರು ನಜಾರೋವ್ ತೀರ್ಪಿನ ಮೇಲೆ ಆಡಿರಿ; ಅದರಲ್ಲಿ ನನ್ನನ್ನು ಸೋಲಿಸಲು ಬೇಕಾದಷ್ಟು ಸರಕಿದೆ, ಅರ್ಧವನ್ನು ಮೇಲೆ ನಾನೇ ಕೊಟ್ಟಿದ್ದೇನೆ.