ಮರುವಾಯಿಗೆ ಸಂಬಳ ಕೊಡೋರು ಯಾರು?

ಭಾನುವಾರ ಬೆಳಿಗ್ಗೆ ಮೀನಂಗಡಿ ಮುಂದೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಸಿಕ್ಕರು. ಒಂದು ಕೈಲಿ ಮೊಬೈಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡ ಬಿಸಿ ಟೀ. "ಮರುವಾಯಿ ಮಾತ್ರ ತಿನ್ನಬ್ಯಾಡ್ರಪ್ಪ, ಅದರ ಹೊಟ್ಟೆ ತುಂಬಾ ಪ್ಲಾಸ್ಟಿಕ್ ಐತಂತೆ!" ಎಂದು ಬಂದವರಿಗೆಲ್ಲ ಸಾರುತ್ತಿದ್ದರು.

ಬಂಗುಡೆ ಸೀಳುತ್ತಿದ್ದ ಹುಡುಗ ತಲೆ ಎತ್ತಿದ. "ಮರುವಾಯಿ? ಅದ್ಯಾವ ಊರು ಸರ್?"

ಅವನ ತಪ್ಪಲ್ಲ. ದಾವಣಗೆರೆಗೆ ಐಸ್ ಹೊದ್ದು ಘಟ್ಟ ಹತ್ತಿ ಬರೋದು ಬಂಗುಡೆ, ಬೂತಾಯಿ. ಮರುವಾಯಿ ಅಂದ್ರೆ ಚಿಪ್ಪಿನೊಳಗೆ ಬದುಕೋ ನೀರಿನ ಜೀವಿ. ಕರಾವಳಿಯವರ ಈ ಚಿಪ್ಪು ನಮ್ಮ ತಟ್ಟೆಗೆ ಬೀಳೋದೇ ಅಪರೂಪ. ತಿನ್ನದೇ ಇರೋದನ್ನ ಬಿಡೋದು ಸುಲಭ, ಅಲ್ವಾ?

ಮೇಷ್ಟ್ರು ಹೇಳಿದ್ದು ಸುಳ್ಳೂ ಅಲ್ಲ. ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳು ನೀರು ಎಳೆದುಕೊಂಡು, ಸೋಸಿ, ಸಿಕ್ಕ ಪಾಚಿ ತಿಂದು ಬದುಕುತ್ತವೆ. ನೀರಲ್ಲಿ 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳಿದ್ದರೆ ಅವೂ ಒಳಗೆ ಹೋಗುತ್ತವೆ. ಬಂಗುಡೆಯಾದರೆ ಕರುಳು ಕಿತ್ತು ಎಸೆಯುತ್ತೇವೆ. ಚಿಪ್ಪಿನ ಮಾಂಸ ತಿನ್ನೋದು ಕರುಳು ಸಮೇತ.

ಹಾಗೆ ನೋಡಿದರೆ ಟೆಂಡರ್ ಇಲ್ಲದೆ, ಬಿಲ್ ಇಲ್ಲದೆ, ಹಗಲು ರಾತ್ರಿ ಕಸ ಸೋಸುವ ಇಲಾಖೆ ಅದೊಂದೇ. ಸಿಕ್ಕ ಕಸ ಹೊಟ್ಟೆಗೆ ಹಾಕಿಕೊಂಡಿತು ಅಂತ ಈಗ ಅದರ ಮೇಲೇ ದೂರು. ಹೊಟ್ಟೆಗೆ ಹಾಕಿಕೊಂಡವರ ಮೇಲೆ ನಮ್ಮಲ್ಲಿ ದೂರು ನಿಂತದ್ದು ಬಹುಶಃ ಇದೇ ಮೊದಲು.

ಇಷ್ಟರಲ್ಲಿ ಟೀ ಕವರಿನ ದಾರ ಬಿಚ್ಚಲು ಬರಲಿಲ್ಲ. ಮೇಷ್ಟ್ರು ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದರು. ಕಡಲೆಬೇಳೆಯಷ್ಟು ಚೂರು ತುಟಿಗೆ ಅಂಟಿತು. ಥೂ ಅಂತ ಉಗಿದರು. ಅದು ನೇರ ಚರಂಡಿಗೆ. ಟೀ ಪೇಪರ್ ಕಪ್ಪಿಗೆ ಬಿತ್ತು. ಪೇಪರ್ ಅನ್ನೋದು ಹೆಸರಿಗೆ, ಒಳಗೆಲ್ಲ ಪ್ಲಾಸ್ಟಿಕ್ ಲೇಪ. ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಕಣ ಬಿಡುತ್ತವೆ ಅಂತ ಖರಗ್‌ಪುರದ ಐಐಟಿಯವರು 2020ರಲ್ಲೇ ಹೇಳಿದ್ದಾರೆ. ಮೇಷ್ಟ್ರು ಊದಿ ಊದಿ ಕುಡಿದರು. ಮರುವಾಯಿಯ ಚಿಂತೆ ಮುಂದುವರಿಯಿತು.

ಚರಂಡಿಗೆ ಬಿದ್ದ ಚೂರಿನ ಪ್ರವಾಸ ಈಗ ಶುರು. ಚರಂಡಿಯಿಂದ ಹಳ್ಳ, ಹಳ್ಳದಿಂದ ತುಂಗಭದ್ರೆ. ಹೊಸಪೇಟೆ ಡ್ಯಾಮ್ ದಾಟಿದರೆ ಕೃಷ್ಣೆ, ಅಲ್ಲಿಂದ ಬಂಗಾಳ ಕೊಲ್ಲಿ. ಮೀನು ತರಿಸೋದು ಪಡುವಣ ಕಡಲಿಂದ, ಪ್ಲಾಸ್ಟಿಕ್ ಕಳಿಸೋದು ಮೂಡಣ ಕಡಲಿಗೆ. ಉಂಡ ಮನೆಗೆ ದ್ರೋಹ ಬಗೆಯಲಿಲ್ಲ ಅನ್ನೋ ಸಮಾಧಾನ ನಮಗೆ.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಗಿರಣಿಗಳು ಮುಚ್ಚಿದವು. ಈಗ ಮನೆಮನೆಯಲ್ಲೂ ಪಾಲಿಯೆಸ್ಟರ್ ಬಟ್ಟೆ ವಾಷಿಂಗ್ ಮೆಷಿನ್‌ಗೆ ಬೀಳುತ್ತದೆ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿನ ಜೊತೆ ಹೊರಡುತ್ತವೆ. ದಾವಣಗೆರೆಯ ಜವಳಿ ರಫ್ತು ನಿಂತಿತು ಅಂತ ಯಾರೂ ಕೊರಗಬೇಕಿಲ್ಲ.

ಕಾನೂನು ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. ತೆಳುವೋ ದಪ್ಪವೋ ಕೇಳದೆ ನಮ್ಮ ರಾಜ್ಯ ಎಲ್ಲ ಪ್ಲಾಸ್ಟಿಕ್ ಕೈಚೀಲಗಳನ್ನೂ 2016ರಲ್ಲೇ ನಿಷೇಧಿಸಿತು. ಫ್ಲೆಕ್ಸ್ ಕೂಡ ಅದೇ ಪಟ್ಟಿಯಲ್ಲಿತ್ತು. ನಿಷೇಧದ ವಿಷಯ ಜನರಿಗೆ ತಿಳಿಸೋಕೆ ಫ್ಲೆಕ್ಸ್ ಹಾಕದೆ ಇನ್ನೇನು ಮಾಡ್ತಾರೆ, ಪಾಪ.

ಕೊನೆಗೆ ಮೇಷ್ಟ್ರು ಅರ್ಧ ಕೆಜಿ ಬಂಗುಡೆ ಕೊಂಡರು. ಹುಡುಗ ಕರಿ ಕವರ್ ಎಳೆದ.

"ಏಯ್, ಅದೆಲ್ಲ ಬ್ಯಾಡ" ಎಂದು ಜೇಬಿನಿಂದ ಮಡಿಸಿದ ಚೀಲ ತೆಗೆದರು. ಯಾವುದೋ ಜಾಗೃತಿ ಕಾರ್ಯಕ್ರಮದಲ್ಲಿ ಪುಕ್ಕಟೆ ಸಿಕ್ಕಿದ್ದು. ಮೇಲೆ ಹಸಿರು ಅಕ್ಷರದಲ್ಲಿ 'ಪ್ಲಾಸ್ಟಿಕ್ ಬಿಡಿ' ಅಂತಿತ್ತು. ಮುಟ್ಟಿ ನೋಡಿದೆ. ನಾನ್‌ವೋವನ್. ನೋಡೋಕೆ ಬಟ್ಟೆ, ಹುಟ್ಟಿನಿಂದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಹಳೆಯದಾಗಿ ಅಂಚೆಲ್ಲ ಪುಡಿಪುಡಿ. ಬೆರಳಿಗೆ ಅಂಟಿದ ಬಿಳಿ ನಾರನ್ನು ಎಲ್ಲಿ ಒರೆಸೋದು ಅಂತ ಗೊತ್ತಾಗದೆ ಪ್ಯಾಂಟಿಗೇ ಒರೆಸಿಕೊಂಡೆ.

ಹುಡುಗ ಮೀನನ್ನು ಚೀಲದೊಳಗೆ ಸುರಿಯಲು ಹೋದ. ಮೇಷ್ಟ್ರು ಗಾಬರಿಯಾಗಿ ಕೈ ಹಿಡಿದರು.

"ಹಂಗೇ ಹಾಕಿದ್ರೆ ಚೀಲ ವಾಸನೆ ಹಿಡೀತದಪ್ಪ. ಕವರಿಗೆ ಹಾಕಿ ಇದ್ರೊಳಗೆ ಇಡು. ಎರಡು ಕವರ್ ಹಾಕು, ಸೋರ್ತದೆ."