ಹುತ್ತರಿಯಿಂದ ಹೂಮಳೆಯವರೆಗೆ ಗಿಟಾರ್, ಮಳೆ ಹಿಡಿದರೆ ಪೆಡಲ್

ಗಿಟಾರ್ ಕಟ್ಟುವುದನ್ನು ಕಲಿಸುವ ಅಮೆರಿಕದ ಪುಸ್ತಕ, ವಿಡಿಯೊಗಳದೆಲ್ಲ ಒಂದೇ ಮಂತ್ರ: ಕೆಲಸದ ಕೋಣೆಯ ಆರ್ದ್ರತೆ ಶೇ. 45ರಿಂದ 50ರೊಳಗಿರಲಿ. ನಾನಿರುವ ಅರಿಜೋನಾದ ಫೀನಿಕ್ಸ್‌ನಲ್ಲಿ ಜೂನ್ ಮಧ್ಯಾಹ್ನ ಅದು ಶೇ. 10ಕ್ಕೂ ಕೆಳಗಿಳಿಯುತ್ತದೆ. ಇಲ್ಲಿನವರು ಕೋಣೆಗೆ ನೀರಾವಿ ಬಿಟ್ಟು ಆ ಅಂಕಿಗೆ ಏರಿಸುತ್ತಾರೆ. ಮಡಿಕೇರಿಯ ಜುಲೈನಲ್ಲಿ 90 ದಾಟಿ ಬೆಲ್ಟು, ಚಪ್ಪಲಿಗೂ ಬೂಷ್ಟು. ಅಲ್ಲಿ ಅದೇ ಮಂತ್ರ ನಂಬಿ ತೇವ ಹೀರುವ ಯಂತ್ರ ಕೊಳ್ಳುವುದು ದುಡ್ಡು ಹಾಳು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಯಂತ್ರವೂ ಸುಮ್ಮನೆ ಕೂರುತ್ತದೆ. ಕೊಡಗಿನಲ್ಲಿ ಕೋಣೆಯ ಹವೆಯನ್ನು ಬದಲಿಸಲು ಹೋಗಬಾರದು, ಕೆಲಸದ ತಿಂಗಳನ್ನು ಬದಲಿಸಬೇಕು ಎನ್ನುವುದು ನನ್ನ ವಾದ.

ಲೆಕ್ಕ ನೋಡಿ. ಆರ್ದ್ರತೆ 45 ಇದ್ದಾಗ ಹಲಗೆಯೊಳಗಿನ ನೀರು ಸುಮಾರು ಶೇ. 8-9ಕ್ಕೆ ನಿಲ್ಲುತ್ತದೆ. 65ಕ್ಕೆ 12, 90ಕ್ಕೆ 20ರ ಹತ್ತಿರ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕದಲುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. 400 ಮಿ.ಮೀ. ಅಗಲದ ಸ್ಪ್ರೂಸ್ (ಚಳಿನಾಡಿನ ಒಂದು ಸೂಜಿ ಎಲೆಯ ಮರ) ಮೇಲ್ಹಲಗೆ ಒಣಗಿದ ಸ್ಥಿತಿಯಿಂದ ಮಳೆಗಾಲದ ಸ್ಥಿತಿಗೆ ಬಂದರೆ ಆರೇಳು ಮಿ.ಮೀ. ಹಿಗ್ಗಲು ನೋಡುತ್ತದೆ. ಒಳಗೆ ಅಂಟಿಸಿದ ಬ್ರೇಸುಗಳು, ಅಂದರೆ ಆಸರೆಯ ಪಟ್ಟಿಗಳು, ಬಿಡುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಇದಾದರೂ ವಾಸಿ, ಬೇಸಿಗೆಗೆ ಬಹುಪಾಲು ಇಳಿಯುತ್ತದೆ. ಹಿಗ್ಗಿ ನಿಂತಿರುವಾಗಲೇ ಬ್ರೇಸ್ ಅಂಟಿಸಿದ ಹಲಗೆಯ ಗತಿ ಬೇರೆ. ಆ ಗಿಟಾರನ್ನು ಮಾರ್ಚಿನಲ್ಲಿ ಬೆಂಗಳೂರಿಗೆ ಒಯ್ದರೆ ಕುಗ್ಗಲು ಎಡೆ ಸಿಗದೆ ನಡುವೆ ಸೀಳು ಬಿಡುತ್ತದೆ.

ಹಾಗಾಗಿ ಮರದ ಕೆಲಸ ಹುತ್ತರಿ (ನವೆಂಬರ್-ಡಿಸೆಂಬರಿನ ಕೊಡಗಿನ ಸುಗ್ಗಿಹಬ್ಬ) ಮುಗಿದ ಮೇಲೆ ಶುರುವಾಗಿ, ಬೇಸಿಗೆ ಮೊದಲಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಮುಗಿಯಬೇಕು. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಒಂದಿಷ್ಟು ಹೆಚ್ಚು ದಿನ ಸಿಗುತ್ತದೆ. ಭಾಗಮಂಡಲದವರಿಗೆ ಆ ರಿಯಾಯಿತಿ ಇಲ್ಲ. ಹಲಗೆ ಒಣಗಿಸುವುದರಲ್ಲಿ ತೋಟದವರಿಗೆ ಹೊಸದಾಗಿ ಹೇಳಿಕೊಡುವಂಥದ್ದೇನಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು (ತೊಳೆದ, ಒಳಹೊಟ್ಟು ಬಿಡಿಸದ ಬೀಜ) ಶೇ. 10ರ ತೇವಕ್ಕೆ ತರುವ ಕಣ್ಣು ಅವರಿಗಿದೆ. ಆದರೆ ಕಾಫಿಯ ತೇವಾಂಶ ಮಾಪಕವನ್ನು ಹಲಗೆಗೆ ಬಳಸಲಾಗದು, ಮರಕ್ಕೆ ಎರಡು ಮುಳ್ಳು ಚುಚ್ಚಿ ಅಳೆಯುವ ಮಾಪಕವೇ ಬೇಕು. ಹಸಿ ಹಲಗೆಯನ್ನು ಒಂದೂವರೆ ಅಡಿಗೊಂದು ರೀಪರ್ ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿ, ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ತುದಿಯಿಂದ ನೀರು ಬೇಗ ಹೋಗುವುದರಿಂದಲೇ ಮೊದಲ ಬಿರುಕು ಅಲ್ಲಿ ಬೀಳುವುದು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕಕ್ಕೆ ಕೊಡಗಿನ ಮಳೆಗಾಲವನ್ನು ಸೇರಿಸಿಕೊಳ್ಳಬೇಡಿ. ಒಲೆಯ ಮೇಲಿನ ಅಟ್ಟ ಇನ್ನೂ ಉಳಿದಿರುವ ಮನೆಯವರು ಗಿಟಾರಿನ ಕತ್ತಿಗೆ, ಅಂದರೆ ನೆಕ್‌ಗೆಂದು ಎತ್ತಿಟ್ಟ ತುಂಡನ್ನು ಅಲ್ಲೇ ಇಡಬಹುದು.

ಯಾವ ಮರ? ಫೀನಿಕ್ಸ್‌ನವರು ಬಾಯಿ ಚಪ್ಪರಿಸುವುದು ನಮ್ಮ ಬೀಟೆಗೆ. ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬಂದ ಮೇಲೆ ಗಿಟಾರಿನ ಹಿಂಬದಿಗೆ ಅದೇ ಮಾದರಿ ಎನಿಸಿತು. ತೋಟದಲ್ಲೇ ಬೆಳೆದಿದ್ದರೂ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ಗಿಟಾರಿಗಾಗಿ ಆ ಉಸಾಬರಿ ಬೇಡ. ಎಲೆಕ್ಟ್ರಿಕ್ ಗಿಟಾರಿನ 44 ಮಿ.ಮೀ. ದಪ್ಪದ ಒಡಲಿಗೆ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಧಾರಾಳವಾಗಿ ಸಾಕು. ತೂಕ ಮಹಾಗನಿಯ ಆಸುಪಾಸು, ತಿರುಳಿನಿಂದ ನೇರವಾಗಿ ಸೀಳಿಸಿದರೆ ರೇಷ್ಮೆಯಂಥ ಮಚ್ಚೆ. ಅದರ ಪುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ ಇರಲಿ.

ಬೆರಳೊತ್ತುವ ಪಟ್ಟಿಗೆ ಅಡ್ಡಡ್ಡ ಕೂರಿಸುವ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್‌ಗಳನ್ನು, ಮಳೆಗಾಲದಲ್ಲಿ ಹೊಡೆಯಲೇಬೇಡಿ. 648 ಮಿ.ಮೀ. ಸ್ಕೇಲಿಗೆ (ನುಡಿಯುವ ತಂತಿಯ ಉದ್ದ) ಮೊದಲ ಫ್ರೆಟ್ ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಮೆಟ್ಟು) 36.37, ಹನ್ನೆರಡನೆಯದು 324 ಮಿ.ಮೀ. ಎಲ್ಲವನ್ನೂ ನಟ್‌ನಿಂದಲೇ ಅಳೆಯಬೇಕು. ಹಿಂದಿನ ಫ್ರೆಟ್‌ನಿಂದ ಅಳೆದರೆ ಕೂದಲೆಳೆಯ ತಪ್ಪೂ ಕೂಡುತ್ತ ಹೋಗುತ್ತದೆ. ಉಬ್ಬಿದ ಫಿಂಗರ್‌ಬೋರ್ಡಿನ ಅಂಚಿಗೆ ಸರಿಯಾಗಿ ಉಜ್ಜಿದ ಫ್ರೆಟ್ ತುದಿಗಳು ಬೇಸಿಗೆಯಲ್ಲಿ ಹೊರಗೆ ಚಾಚಿ ಅಂಗೈ ಕೊಯ್ಯುತ್ತವೆ. ಮೇಲೆ ಬಳಿಯುವ ಮೆರುಗು ಲ್ಯಾಕರ್ ಕೂಡ ಅಷ್ಟೆ: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಳಿದು ಬಿಳಿ ಮಂಜು ಕಟ್ಟುತ್ತದೆ. ಫೀನಿಕ್ಸ್‌ನಲ್ಲಿ ಇದರ ತಿರುಗುಮುರುಗು, ಸ್ಪ್ರೇ ಗನ್ನಿನಿಂದ ಹೊರಟ ಲ್ಯಾಕರ್ ಮರ ಮುಟ್ಟುವ ಮೊದಲೇ ಒಣಗಿ ಧೂಳಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಮರ ಕೊರೆಯುವ ಸಾವಿರ ವ್ಯಾಟಿನ ರೌಟರ್ ಮನೆಯ ಚಿಕ್ಕ ಇನ್ವರ್ಟರಿನಲ್ಲಿ ಓಡುವುದು ಕಷ್ಟ, 25 ವ್ಯಾಟಿನ ಸೋಲ್ಡರಿಂಗ್ ಐರನ್ ಓಡುತ್ತದೆ. ಹಾಗಾಗಿ ಮಳೆಗಾಲಕ್ಕೆ ಪೆಡಲ್, ಅಂದರೆ ಕಾಲಿನಿಂದ ಒತ್ತಿ ಗಿಟಾರಿನ ನಾದ ಬದಲಿಸುವ ಡಬ್ಬಿ. ಕಲಿಯಲು 1966ರಲ್ಲಿ ಬಂದ, ನಾದವನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್‌ನಷ್ಟು ಒಳ್ಳೆಯ ಸರ್ಕಿಟ್ ಇಲ್ಲ: ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್ (33ಕೆ, 8.2ಕೆ, 470 ಓಮ್, 100ಕೆ), ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸುವ ರೆಸಿಸ್ಟರ್). 9 ವೋಲ್ಟ್ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಫೀನಿಕ್ಸ್‌ನವರು ತೂತು ಕೊರೆದ ಅಲ್ಯೂಮಿನಿಯಂ ಡಬ್ಬಿಯ ಸಮೇತ ಕಿಟ್ ತರಿಸುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಕಟ್ಟಿದರೂ ಗುಂಯ್‌ಗುಡುವಿಕೆ ಅಷ್ಟೇ ತಡೆಯುತ್ತದೆ, ಜ್ಯಾಕ್ ಕೂರುವ ಕಡೆ ಬಣ್ಣ ಕೆರೆದಿದ್ದರೆ. ಕಾಲಿನ ಸ್ವಿಚ್ಚಿನ ಕೆಳಗೆ ಪ್ಲೈವುಡ್ ತುಂಡು ಕೊಡದಿದ್ದರೆ ತಗಡು ನುಗ್ಗಾಗುತ್ತದೆ. ಬೆಸುಗೆಯ ನಂತರ ಉಳಿಯುವ ಅಂಟಂಟು ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಯಲೇಬೇಕು. ಒಣ ನಾಡಿನಲ್ಲಿ ಅದನ್ನು ಬಿಟ್ಟರೂ ನಡೆದೀತು. ಮಡಿಕೇರಿಯಲ್ಲಿ ಅದು ತೇವ ಕುಡಿದು ಬಿಂದುವಿನಿಂದ ಬಿಂದುವಿಗೆ ಕರೆಂಟ್ ಸೋರಿಸಿ ಚರಚರ ಸದ್ದು ಮಾಡುತ್ತದೆ.

ಹಳೆಯ ಟ್ರಾನ್ಸಿಸ್ಟರ್ ರೇಡಿಯೊದಿಂದ ಕಿತ್ತ ಎಸಿ 128 ಎಂಬ ಟ್ರಾನ್ಸಿಸ್ಟರ್ ಈ ಪೆಡಲ್‌ಗೆ ಸಿಕ್ಕರೆ ಭಾಗ್ಯ, ಆದರೆ ಅದು ಜರ್ಮೇನಿಯಂ. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಅದರ ಕರೆಂಟ್ ಸೋರಿಕೆ ಸುಮಾರಾಗಿ ಇಮ್ಮಡಿಯಾಗುತ್ತದೆ. ಮಡಿಕೇರಿಯ 17 ಡಿಗ್ರಿಗೂ ಫೀನಿಕ್ಸ್‌ನ ಗ್ಯಾರೇಜಿನ 42 ಡಿಗ್ರಿಗೂ ಐದಾರು ಪಟ್ಟಿನ ಅಂತರ. 8.2ಕೆ ಇರುವ ಜಾಗಕ್ಕೆ 20ಕೆ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪಾಟ್) ಹಾಕಿ, ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನಲ್ಲಿ 4.5 ವೋಲ್ಟ್ ಬರುವಂತೆ ತಿರುಗಿಸಿ. ಆ ವೋಲ್ಟೇಜ್ ಜಾರಿದರೆ ನಾದ ಮುಕ್ಕಾಗಿ ತೊದಲುತ್ತದೆ. ಮಡಿಕೇರಿಯಲ್ಲಿ ಕಟ್ಟಿದ್ದನ್ನು ಮೇ ತಿಂಗಳ ಮಂಗಳೂರಿಗೆ ನುಡಿಸಲು ಒಯ್ಯುವವರು ಸ್ಕ್ರೂಡ್ರೈವರ್ ತೂರುವಷ್ಟು ತೂತನ್ನು ಡಬ್ಬಿಯ ಬದಿಯಲ್ಲಿ ಮೊದಲೇ ಕೊರೆದಿಟ್ಟುಕೊಳ್ಳಲಿ.